ಹೈಬ್ರಿಡ್ ಅಂದ್ರ ಯಾವ ಹೈಬ್ರಿಡ್?

ಬೆಳಗಾವಿಯ ಆಟೋ ನಗರದಾಗ ಗಾಡಿ ರಿಪೇರಿಗೆ ಬಿಟ್ಟಿದ್ದ ನನ್ನ ಖಾನಾಪುರದ ಮಾವ ಕೇಳಿದರು: ‘ಹೊಸಾದು ಹೈಬ್ರಿಡ್ ತಗೊಳ್ಳಲೇನು?’ ಮಿಸ್ತ್ರಿ ತಿರುಗಿ ಕೇಳಿದ: ‘ಯಾವ ಹೈಬ್ರಿಡ್‌ರೀ?’

ನನ್ನ ತಕರಾರು ಆ ಹೆಸರಿನ ಮೇಲೇ. ಮೈಲ್ಡ್ ಹೈಬ್ರಿಡ್‌ನಲ್ಲಿ ಪುಟ್ಟ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ. ಸ್ಟ್ರಾಂಗ್ ಹೈಬ್ರಿಡ್ ಸ್ವಲ್ಪ ದೂರ ಬ್ಯಾಟರಿಯಲ್ಲೇ ಓಡುತ್ತದೆ. 2022ರಲ್ಲಿ ಬಿಡದಿಯಿಂದ ಬಂದ ಟೊಯೊಟಾ ಹೈರೈಡರ್ ಎರಡೂ ಬಗೆಯದು. ಆಗ ಸಾರಿದ ಲೀಟರಿಗೆ 27.97 ಕಿ.ಮೀ. ಸ್ಟ್ರಾಂಗ್‌ಗೆ ಮಾತ್ರ. ‘ಹೈಬ್ರಿಡ್’ ಎಂಬ ಒಂದೇ ಪದ ಈ ಅಂತರ ಮುಚ್ಚಿಡುತ್ತದೆ.

ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿ ಬ್ಯಾಟರಿ ಸೇರುವುದರಿಂದ, ಪೇಟೆಯಲ್ಲಿ ನಿಂತು ನಿಂತು ಓಡಿಸುವವರಿಗೆ ಲಾಭ ಹೆಚ್ಚು. ತಿಂಗಳಿಗೆ ಎರಡು ಸಲ ಗಾಡಿ ತೆಗೆಯುವ ಮಾವ ಹೆಚ್ಚಿಗೆ ಕೊಟ್ಟ ರೊಕ್ಕ ಪೆಟ್ರೋಲಿನಾಗ ಮರಳಿ ಬರೋದು ಯಾವಾಗ? ಬ್ಯಾಡ ಅಂದೆ.