ಎದುರಿಗೆ ಕೂತವರು

ಭಾವಚಿತ್ರಗಳ ಗ್ಯಾಲರಿಗೆ ಹೋದವರಲ್ಲಿ ಮುಕ್ಕಾಲು ಮಂದಿ ಮೊದಲು ಓದುವುದು ಚೌಕಟ್ಟಿನ ಕೆಳಗಿನ ಹೆಸರನ್ನು. ಹೆಸರು ಗೊತ್ತಿದ್ದರೆ ಕತ್ತೆತ್ತಿ ಒಮ್ಮೆ ಮುಖ ನೋಡುತ್ತಾರೆ, ಗೊತ್ತಿಲ್ಲದಿದ್ದರೆ ಮುಂದಿನ ಚೌಕಟ್ಟಿಗೆ ಸಾಗುತ್ತಾರೆ. ಹೀಗೆ ನೋಡಿದರೆ ಅರ್ಧ ಗಂಟೆಯಲ್ಲಿ ಒಂದು ರಾಜವಂಶವೇ ಮುಗಿದುಹೋಗುತ್ತದೆ. ಹೊರಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ಬರೀ ಮೀಸೆ ಮತ್ತು ಪೇಟ. ನನ್ನ ರೂಢಿ ಬೇರೆ. ಹೆಸರು ಓದುವುದು ಕೊನೆಗೆ. ಅದಕ್ಕೂ ಮೊದಲು ಪ್ರತಿ ಚಿತ್ರದ ಮುಂದೆಯೂ ಒಂದೇ ಪ್ರಶ್ನೆ: ಇದನ್ನು ಬರೆದವನ ಎದುರಿಗೆ ಆವತ್ತು ಯಾರು ಕೂತಿದ್ದರು? ಆ ಮನುಷ್ಯನೇ ಕೂತಿದ್ದನೋ, ಅವನ ಫೋಟೋ ಇತ್ತೋ, ಅಥವಾ ಯಾರೂ ಇರಲಿಲ್ಲವೋ?

ಈ ಪ್ರಶ್ನೆ ಇಟ್ಟುಕೊಂಡು ತಿರುಗಾಡಲು ನಮ್ಮ ರಾಜ್ಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಗಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಬೆಳಗಾವಿಯಲ್ಲಿ ರಾತ್ರಿ ರೈಲು ಹತ್ತಿ ಮಲಗಿದರಾಯಿತು, ಬೆಳಿಗ್ಗೆ ಮೈಸೂರು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂದು ಸೇರಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೈಸರಾಯ್ ಕರ್ಜನ್ ಸಮ್ಮುಖದಲ್ಲಿ ರಾಜ್ಯಾಧಿಕಾರ ದೊರೆತದ್ದೂ ಇಲ್ಲಿಯೇ. 1912ಕ್ಕೆ ಹೊಸ ಅರಮನೆ ಮುಗಿದು ಎಲ್ಲರೂ ಅಲ್ಲಿಗೆ ಹೋದ ಮೇಲೆ ಈ ಕಟ್ಟಡ ಖಾಲಿಯಾಯಿತು. 1915ರಲ್ಲಿ ಚಿತ್ರಶಾಲೆಯಾಯಿತು. 1955ರಿಂದ ಇದರ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಮನೆಯೊಂದು ಗ್ಯಾಲರಿಯಾದ ಕಾರಣ ಇಲ್ಲಿ ನಡೆಯುವಾಗ ಮ್ಯೂಸಿಯಂಗಿಂತ ಹೆಚ್ಚಾಗಿ ಯಾರದೋ ದೊಡ್ಡ ಮನೆಯ ಪಡಸಾಲೆಯಲ್ಲಿದ್ದೇವೆ ಅನಿಸುತ್ತದೆ. ಸಂದರ್ಶಕರು ತಮಗರಿವಿಲ್ಲದೆಯೇ ದನಿ ತಗ್ಗಿಸುತ್ತಾರೆ.

ಯಾರೂ ಎದುರಿಗೆ ಕೂತಿರದ ಚಿತ್ರಕ್ಕೆ ಇಲ್ಲಿನ ಉತ್ತಮ ಉದಾಹರಣೆ ಗೋಡೆಯ ಮೇಲಿನ ಸಂತಾನಾಂಬುಜ. ಒಡೆಯರ ವಂಶವೃಕ್ಷವನ್ನು ತಾವರೆಯಾಗಿ ಅರಳಿಸಿ, ದಳದೊಳಗೆ ಅರಸರನ್ನು ಕೂರಿಸಿದ್ದಾರೆ. ವಂಶದ ಮೂಲಪುರುಷ ಯದುರಾಯ ಪಟ್ಟಕ್ಕೆ ಬಂದದ್ದು 1399ರಲ್ಲಿ ಎನ್ನುತ್ತಾರೆ. ಚಿತ್ರ ಮೂಡಿದ್ದು ನಾಲ್ಕು ಶತಮಾನಗಳಾಚೆ, ಮುಮ್ಮಡಿಯವರ ಕಾಲದಲ್ಲಿ. ಆದ್ದರಿಂದ ಮುಖಗಳಲ್ಲಿ ಹೋಲಿಕೆ ಹುಡುಕುವುದು ವ್ಯರ್ಥ. ಚಿತ್ರಕಾರನಿಗೆ ಬೇಕಾಗಿದ್ದದ್ದೂ ಹೋಲಿಕೆಯಲ್ಲ, ಸ್ಥಾನ: ಯಾರ ನಂತರ ಯಾರು, ಯಾರಿಗೆ ಯಾರು ಮಗ. ಇದನ್ನು ಭಾವಚಿತ್ರ ಎಂದು ಕರೆಯಲು ಮನಸ್ಸು ಒಪ್ಪದವರು ಇದನ್ನೊಂದು ದಾಖಲೆಪತ್ರ ಎಂದುಕೊಂಡು ಓದಬಹುದು.

ಲಂಡನ್ನಿನಲ್ಲಿ 1856ರಲ್ಲಿ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಶುರುವಾದಾಗಲೂ ಲೆಕ್ಕಕ್ಕೆ ಬಂದದ್ದು ಚಿತ್ರದಲ್ಲಿರುವವನ ಹಿರಿಮೆಯೇ ಹೊರತು ಚಿತ್ರಕಾರನ ಕೈಚಳಕವಲ್ಲ. ರಾಜ, ರಾಣಿಯರನ್ನು ಬಿಟ್ಟರೆ ಉಳಿದವರು ಸತ್ತು ಹತ್ತು ವರ್ಷವಾದ ಮೇಲೆಯೇ ಗೋಡೆಗೆ ಏರಬೇಕೆಂಬ ನಿಯಮವನ್ನು ಅವರು 1969ರವರೆಗೆ ಪಾಲಿಸಿದರು. ನಿಯಮವೇನೋ ಒಳ್ಳೆಯದೇ. ನಮ್ಮಲ್ಲಿ ಅದು ಜಾರಿಗೆ ಬಂದರೆ ಫ್ಲೆಕ್ಸ್ ಅಂಗಡಿಗಳು ಮುಚ್ಚಬೇಕಾಗುತ್ತದೆ, ಅಷ್ಟೇ.

ಮೇಲೆ ಹೋದರೆ ರವಿವರ್ಮ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಯ ಮೇರೆಗೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದವರು, 1904ರ ಹೊತ್ತಿಗೆ ನಾಲ್ವಡಿಯವರಿಗಾಗಿ ಪುರಾಣದ ಚಿತ್ರಗಳ ಸಾಲನ್ನೇ ಕೈಗೆತ್ತಿಕೊಂಡವರು. ಸಂದರ್ಶಕರ ಗುಂಪು ಸೀತೆ, ದಮಯಂತಿ ಎನ್ನುತ್ತ ನಿಲ್ಲುವಾಗ ನಾನು ಸಂಗೀತಗಾರ್ತಿಯರ ಗುಂಪಿನ ಚಿತ್ರದ ಮುಂದೆ ಹೋಗಿ ನಿಲ್ಲುತ್ತೇನೆ. ಹನ್ನೊಂದು ಹೆಂಗಸರು ಒಂದೇ ಕ್ಯಾನ್ವಾಸಿನಲ್ಲಿ ಒತ್ತೊತ್ತಾಗಿ ಕೂತಿದ್ದಾರೆ, ನಿಂತಿದ್ದಾರೆ. ಬಿಳಿ ಮುಂಡಿನ ನಾಯರ್ ಹೆಣ್ಣು, ಮರಾಠಿ ಸೀರೆಯವಳು, ಮುಸ್ಲಿಂ ಉಡುಗೆಯವಳು, ಪಾರ್ಸಿಯವಳು. ಇಡೀ ದೇಶವೇ ಒಂದು ಕಚೇರಿಗೆ ಬಂದು ಸೇರಿದಂತೆ. ಆದರೆ ಕಣ್ಣುಗಳನ್ನು ಗಮನಿಸಿ. ಒಬ್ಬಳ ನೋಟ ಇನ್ನೊಬ್ಬಳ ಮೇಲಿಲ್ಲ. ವಾದ್ಯ ಕೈಯಲ್ಲಿದೆ, ಕಿವಿಗೊಟ್ಟವರು ಯಾರೂ ಇಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ನೋಡಿದ ಮುಖಗಳನ್ನು ಆಮೇಲೆ ಒಂದೆಡೆ ಕೂಡಿಸಿದಂತೆ ನನಗೆ ಕಾಣುತ್ತದೆ. ಸಭೆಯಾಗಿ ಚಿತ್ರ ಸೋತಿದೆ, ಒಂದೊಂದೇ ಮುಖವಾಗಿ ಗೆದ್ದಿದೆ ಎಂಬುದು ನನ್ನ ತೀರ್ಪು. ಒಪ್ಪದವರೂ ಬೇಕಾದಷ್ಟಿದ್ದಾರೆ.

ಫೋಟೋ ನೋಡಿ ಬರೆದ ಚಿತ್ರವನ್ನು ಕಂಡುಹಿಡಿಯುವುದು ಕಷ್ಟವೇನಲ್ಲ, ಕಣ್ಣು ಪಳಗಬೇಕು ಅಷ್ಟೇ. ಬೆಳಕು ಎದುರಿನಿಂದಲೇ ಬಿದ್ದು ಮುಖ ಚಪ್ಪಟೆಯಾಗಿರುತ್ತದೆ. ಎರಡೂ ಕಣ್ಣುಗಳು ಒಂದೇ ಸಮ ಚೂಪಾಗಿರುತ್ತವೆ. ನಿಜವಾಗಿ ಎದುರಿಗೆ ಕೂತವನ ಮುಖದಲ್ಲಿ ದೂರದ ಕಣ್ಣು ತುಸು ಮೆತ್ತಗಿರುತ್ತದೆ. ಫೋಟೋದಿಂದ ಬಂದ ಮುಖದಲ್ಲಿ ಗಲ್ಲದ ಕೆಳಗಿನ ನೆರಳು ಬರೀ ಕಪ್ಪು, ಅದರಲ್ಲಿ ಬಣ್ಣವೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುವುದು ಕೈಗಳು. ಕೊರಳ ಹಾರದ ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು, ಕತ್ತಿಯ ಹಿಡಿ ಹಿಡಿದ ಬೆರಳುಗಳು ಮಾತ್ರ ಮೇಣದವು. ಪೋಷಾಕನ್ನು ಬೇರೆ ಯಾರಿಗೋ ತೊಡಿಸಿ ಕೂರಿಸಿ ಬರೆಯುವ ಪದ್ಧತಿ ಹಲವು ದೇಶಗಳಲ್ಲಿ ಇತ್ತು. ಹಾಗಾಗಿ ಮುಖ ದೊರೆಯದು, ಭುಜ ಸೇವಕನದು ಆಗಿದ್ದರೆ ಬೆರಗಾಗಬೇಕಿಲ್ಲ.

ಇಷ್ಟು ತಿಳಿದುಕೊಂಡು ದೀಪ ಹಿಡಿದ ಹೆಂಗಸಿನ ಮುಂದೆ ಬನ್ನಿ. ಜಗನ್ಮೋಹನಕ್ಕೆ ಜನ ಬರುವುದೇ ಈ ಚಿತ್ರಕ್ಕಾಗಿ. ಬಂದವರಲ್ಲಿ ಬಹಳ ಮಂದಿ ಇದೂ ರವಿವರ್ಮರದೇ ಎಂದುಕೊಂಡು ಹೊರಡುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಹುಟ್ಟಿದ್ದು 1945-46ರ ಸುಮಾರಿಗೆ. ಬರೆದವರು ಸಾವಳಾರಾಮ ಹಳದಣಕರ, 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿದವರು. ಅಂಬೋಲಿ ಘಾಟ್ ಇಳಿದರೆ ಸಿಗುವ ಊರು. ಬೆಳಗಾವಿಯವರಾದ ನಮಗೆ ನೆರೆಮನೆಯವರೇ ಸರಿ. ಹಳದಣಕರರ ಎದುರಿಗೆ ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಆಗ ಆಕೆಗೆ ಮೂವತ್ತರ ಆಸುಪಾಸು. 102 ವರ್ಷ ಬಾಳಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು.

ಇದು ಎಣ್ಣೆಬಣ್ಣವಲ್ಲ, ಜಲವರ್ಣ. ಅದು ಗೊತ್ತಾದ ಮೇಲೆ ಚಿತ್ರವೇ ಬದಲಾಗಿಬಿಡುತ್ತದೆ. ಎಣ್ಣೆಬಣ್ಣದಲ್ಲಾದರೆ ಕತ್ತಲೆ ಬಳಿದು ಅದರ ಮೇಲೆ ಬೆಳಕನ್ನು ಇಡಬಹುದು, ತಪ್ಪಿದರೆ ಕೆರೆದು ಮತ್ತೆ ಬರೆಯಬಹುದು. ಜಲವರ್ಣದಲ್ಲಿ ಬೆಳಕೆಂದರೆ ಬರಿಯ ಕಾಗದ. ಎಲ್ಲಿ ಬೆಳಕು ಬೇಕೋ ಅಲ್ಲಿ ಕೈ ತಡೆದು ನಿಲ್ಲಬೇಕು, ಮುಟ್ಟಿದರೆ ಹೋಯಿತು. ಒಂದು ಕೈಯಲ್ಲಿ ದೀಪ, ಇನ್ನೊಂದು ಅಂಗೈ ಜ್ವಾಲೆಗೆ ಅಡ್ಡ. ಆ ಬೆರಳುಗಳ ಅಂಚನ್ನು ನೋಡಿ: ಬೆಳಕು ಮಾಂಸವನ್ನು ತೂರಿಕೊಂಡು ಬಂದು ಕೆಂಪಗಾಗಿದೆ. ಬೆರಳ ನಡುವಿನ ಸಂದಿ ಇನ್ನೂ ಕೆಂಪು. ನಾಲ್ಕು ಬೆರಳಿಗೂ ಒಂದೇ ಕೆಂಪಲ್ಲ. ಜ್ವಾಲೆಗೆ ಹತ್ತಿರದ್ದು ಕಿತ್ತಳೆಗೆ ತಿರುಗಿದೆ. ಅಲ್ಲಿಂದ ಬೆಳಕು ಗಲ್ಲಕ್ಕೆ, ಮೂಗಿನ ತುದಿಗೆ ಏರಿ ಹಣೆಯ ಹೊತ್ತಿಗೆ ಸಣ್ಣದಾಗುತ್ತದೆ. ಈ ಕೆಂಪನ್ನು ಅಂದಿನ ಯಾವ ಕಪ್ಪು ಬಿಳುಪು ಫೋಟೋವೂ ಕೊಡಲಾರದು. ಮಗಳು ನಿಂತಿದ್ದಳು, ಅಪ್ಪ ನೋಡುತ್ತಿದ್ದ. ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಚಿತ್ರ ಆ ಕಟ್ಟಡದಲ್ಲಿ ಇನ್ನೊಂದಿಲ್ಲ. ಅಷ್ಟಾದರೂ ಇಲ್ಲಿ ಯಾವ ಪದವಿ, ಬಿರುದು ಇಲ್ಲ. ಲಂಡನ್ನಿನ ನಿಯಮದ ಪ್ರಕಾರ ಇದು ಬಾಗಿಲಲ್ಲೇ ನಿಲ್ಲಬೇಕಿತ್ತು.

ನಾನಿರುವುದು ಬೆಳಗಾವಿಯ ಆಟೋ ನಗರದಲ್ಲಿ. ಹೊರಗಿನವರಿಗೆ ಇದು ಕ್ರಿಕೆಟ್ ಮೈದಾನದಿಂದ ಗೊತ್ತು, ನಮಗೆ ಗ್ಯಾರೇಜು, ವೆಲ್ಡಿಂಗು, ಲಾರಿ ಬಾಡಿ ಕಟ್ಟುವವರಿಂದ. ಲಾರಿಯ ಹಿಂಬದಿಗೆ ಸಂಗೊಳ್ಳಿ ರಾಯಣ್ಣನನ್ನು ಎನಾಮಲ್ ಬಣ್ಣದಲ್ಲಿ ಮೂಡಿಸುವ ಪೇಂಟರೊಬ್ಬರನ್ನು, ಯಾರನ್ನು ನೋಡಿ ಈ ಮುಖ ತೆಗೆಯುತ್ತೀರಿ ಎಂದು ಕೇಳಿದೆ. “ಕ್ಯಾಲೆಂಡರ್ ನೋಡಿ ಕಲ್ತೇನ್ರಿ ಸರ, ಈಗ ಕೈಯಾಗ ಬಂದಬಿಟ್ಟೈತಿ. ಮೊದಲ ಕಣ್ಣ ತಗೀಬೇಕು. ಕಣ್ಣ ಕೂಡಲಿಲ್ಲಂದ್ರ ಅಂವ ರಾಯಣ್ಣ ಅಲ್ಲ, ಬ್ಯಾರೆ ಯಾಂವರ ಆಗ್ತಾನ” ಎಂದರು. ರಾಯಣ್ಣನನ್ನು ನಮ್ಮ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಫೋಟೋಗ್ರಫಿ ಎಂಬುದೊಂದಿದೆ ಎಂದು ಜಗತ್ತಿಗೆ ತಿಳಿದದ್ದು 1839ರಲ್ಲಿ. ಆದರೂ ಅವನ ಕಣ್ಣು ಹೇಗಿರಬೇಕು ಎಂಬುದು ನಮ್ಮ ಭಾಗದ ಪೇಂಟರುಗಳಿಗೆಲ್ಲ ಗೊತ್ತು. ಸುವರ್ಣ ವಿಧಾನಸೌಧದಲ್ಲಿ 2024ರ ಡಿಸೆಂಬರ್‌ನಲ್ಲಿ ಅನಾವರಣಗೊಂಡ ಅನುಭವ ಮಂಟಪದ ದೊಡ್ಡ ತೈಲಚಿತ್ರದ್ದೂ ಇದೇ ಜಾತಿ. ಎದುರಿಗೆ ಯಾರೂ ಕೂತಿಲ್ಲ, ನೋಡುವವರೆಲ್ಲ ಗುರುತು ಹಿಡಿಯುತ್ತಾರೆ. ಈ ಬಗೆಯ ಚಿತ್ರವನ್ನು ನಾನು ಕೀಳೆನ್ನುವುದಿಲ್ಲ. ಅದರ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಮಾತ್ರ ಬೇರೆ.

ಎದುರಿಗೆ ಕೂರಿಸಿ ಬರೆಯುವ ವಿದ್ಯೆಗೆ ಬೆಳಗಾವಿಯಲ್ಲಿ ಒಂದು ಮನೆತನವೇ ಇತ್ತೆನ್ನಬಹುದು. ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರ ಅದು. ವಿದ್ಯಾರ್ಥಿಗಳ ನಡುವೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ನೋಡನೋಡುತ್ತಿದ್ದಂತೆ ಮುಖ ಎಬ್ಬಿಸಿ ತೋರಿಸುವುದು ಅವರ ಪಾಠಕ್ರಮ. ಮುಂದೆ ಮುಂಬಯಿ, ಪುಣೆಗಳಲ್ಲಿ ಹೆಸರಾದ ರವಿ ಪರಾಂಜಪೆ ಈ ಮನೆಯಲ್ಲಿ ಕಲಿತವರು. ಟಿಳಕವಾಡಿಯ ವರೇರಕರ ನಾಟ್ಯ ಸಂಘದಲ್ಲಿ ಕುಲಕರ್ಣಿಯವರ ಹೆಸರಿನ ಗ್ಯಾಲರಿ ಇದೆ. ಮೈಸೂರಿಗೆ ಹೊರಡುವ ಮೊದಲು ಅಲ್ಲೊಮ್ಮೆ ಇಣುಕಿದರೆ ಕಣ್ಣಿಗೆ ತಾಲೀಮು ಆಗುತ್ತದೆ.

ಮೈಸೂರಿನಿಂದ ಮರಳುವ ದಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಟಿಪ್ಪು ಸುಲ್ತಾನನ 1784ರ ದರಿಯಾ ದೌಲತ್ ಮಹಲಿನ ಒಂದು ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ, ಇನ್ನೊಂದರ ಮೇಲೆ ಆ ಕಾಲದ ಅರಸರು, ಪಾಳೆಯಗಾರರು ತಮ್ಮ ತಮ್ಮ ಕಮಾನಿನೊಳಗೆ. ಚಿತ್ರದುರ್ಗದ ಮದಕರಿ ನಾಯಕನೂ ಇದ್ದಾನೆ, ಮಾಗಡಿಯ ಕೆಂಪೇಗೌಡನೂ ಇದ್ದಾನೆ. ನಾವು ಇವತ್ತು ನೋಡುವ ಬಣ್ಣ ಮೂಲದ್ದಲ್ಲ. ಅಳಿಸಿಹೋಗಿದ್ದ ಈ ಗೋಡೆಗಳನ್ನು ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆದದ್ದು, ಮೂಲಚಿತ್ರ ನೆನಪಿದ್ದ ಒಬ್ಬ ದೇಶೀ ಚಿತ್ರಕಾರ ಎನ್ನುತ್ತಾರೆ. ಎದುರಿಗೆ ಮನುಷ್ಯ ಇಲ್ಲ, ಫೋಟೋ ಇಲ್ಲ, ಹಳೆಯ ನೆನಪೊಂದೇ. ಅದೇ ಕಟ್ಟಡದ ಒಳಗೆ ಯುರೋಪಿನ ಚಿತ್ರಕಾರರು ಟಿಪ್ಪುವಿನ ಮಕ್ಕಳನ್ನೂ ಆಪ್ತರನ್ನೂ ಎದುರಿಗೆ ಕೂರಿಸಿ ಬರೆದ ಕರಡುಚಿತ್ರಗಳಿವೆ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು. ಸೋತವರ ಮಕ್ಕಳು ಗೆದ್ದವರ ಚಿತ್ರಕಾರನ ಮುಂದೆ ಹೇಗೆ ಕೂರುತ್ತಾರೆ ಎಂಬುದು ಆ ಮುಖಗಳಲ್ಲಿ ಇದೆ.

ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಚಿತ್ರಗಳೂ ಮೈಸೂರಿನಲ್ಲಿವೆ. ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಸುತ್ತಲಿನ ದಸರಾ ಮೆರವಣಿಗೆಯ ಇಪ್ಪತ್ತಾರು ಪಟಗಳು. 1934ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆ. ಕೇಶವಯ್ಯ, ವೈ. ನಾಗರಾಜು ಮೊದಲಾದವರು ಇವನ್ನು ಬರೆದರು, ಅದೂ ಫೋಟೋಗಳನ್ನು ಮುಂದಿಟ್ಟುಕೊಂಡು. ನನ್ನ ನಿಯಮದಂತೆ ಮುಖಗಳು ಚಪ್ಪಟೆಯಾಗಿರಬೇಕಿತ್ತು. ಹಾಗಿಲ್ಲ. ಆನೆಯ ಪಕ್ಕದ ಮಾವುತ, ಕುದುರೆ ಸವಾರ, ಬಾಜಾಬಜಂತ್ರಿಯವರು, ಬದಿಯಲ್ಲಿ ನಿಂತು ನೋಡುವ ಮಂದಿ, ಪ್ರತಿಯೊಬ್ಬನೂ ಬೇರೆ ಮನುಷ್ಯ. ಬರೆದವರು ಆ ಮೆರವಣಿಗೆಯನ್ನು ವರ್ಷವರ್ಷವೂ ಬೀದಿಯಲ್ಲಿ ನಿಂತು ನೋಡಿದ ಅದೇ ಊರಿನವರು. ಫೋಟೋ ಅವರಿಗೆ ಬರೀ ಜ್ಞಾಪಕಕ್ಕೆ. ಅಲ್ಲಿ ಜನ ಚಾವಣಿಯ ಬಣ್ಣದ ಗಾಜಿನ ನವಿಲು ನೋಡಿಕೊಂಡೇ ದಾಟಿಬಿಡುತ್ತಾರೆ. ಗೈಡು ಗುಂಪನ್ನು ಮುಂದಕ್ಕೆ ನಡೆಸಿಕೊಂಡು ಹೋಗಲಿ. ನೀವು ಗೋಡೆಯ ಕಡೆ ತಿರುಗಿ, ಮೆರವಣಿಗೆ ಹೊರಟ ಪಟದಿಂದ ಶುರುಮಾಡಿ ಒಂದು ಸುತ್ತು ಹಾಕಿ. ಅರ್ಧ ಗಂಟೆ ಬೇಕು, ಚಪ್ಪಲಿ ಹೊರಗೆ ಬಿಡಬೇಕು, ಭಾನುವಾರ ಹೋಗಬಾರದು.