ಆತ್ಮಹತ್ಯೆಗಳ ಅಂಕಿ-ಅಂಶಗಳು: ಒಂದು ಆಕರ ವಿಮರ್ಶೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ‘ಭಾರತದಲ್ಲಿ ಅಪಘಾತ ಮರಣಗಳು ಮತ್ತು ಆತ್ಮಹತ್ಯೆಗಳು’ ಎಂಬ ವಾರ್ಷಿಕ ವರದಿಯನ್ನು ಸಮಾಜಶಾಸ್ತ್ರಜ್ಞರೂ ವೈದ್ಯರೂ ಧಾರಾಳವಾಗಿ ಉಪಯೋಗಿಸುತ್ತಾರೆ. ಇತಿಹಾಸದ ಅಭ್ಯಾಸಿಗಳಾದ ನಾವು ಅದನ್ನು ಒಂದು ಆಕರವೆಂದು ಭಾವಿಸಿ, ಶಾಸನವನ್ನೋ ಬಖೈರನ್ನೋ ಪರೀಕ್ಷಿಸುವಂತೆ ಪರೀಕ್ಷಿಸಬಯಸುತ್ತೇವೆ. ಬರೆದವರಾರು? ಯಾವ ಉದ್ದೇಶಕ್ಕಾಗಿ? ಯಾರ ಬಾಯಿಂದ ಕೇಳಿ?

೨೦೨೨ರ ಸಂಪುಟದಲ್ಲಿ ೧,೭೦,೯೨೪ ಆತ್ಮಹತ್ಯೆಗಳು ದಾಖಲಾಗಿವೆ. ಶೇಕಡ ೩೧.೭ಕ್ಕೆ ‘ಕೌಟುಂಬಿಕ ಸಮಸ್ಯೆ’ಯೂ ಶೇಕಡ ೧೮.೪ಕ್ಕೆ ‘ಕಾಯಿಲೆ’ಯೂ ಕಾರಣವೆಂದಿದೆ. ಈ ಕಾರಣಗಳಿಗೆ ಮೂಲ ಪೊಲೀಸರ ವಿಚಾರಣೆ ಮತ್ತು ಶವಪಂಚನಾಮೆ. ಮರಣದಲ್ಲಿ ಅಪರಾಧವುಂಟೋ ಇಲ್ಲವೋ ಎಂದು ನಿಶ್ಚಯಿಸುವುದು ಅದರ ಕರ್ತವ್ಯವೇ ಹೊರತು ಮೃತರ ಮನಸ್ಸನ್ನು ಅರಿಯುವುದಲ್ಲ. ದುಃಖದಲ್ಲಿಯೂ ಕೆಲವೊಮ್ಮೆ ಭಯದಲ್ಲಿಯೂ ಇರುವ ಬಂಧುಗಳಾಡಿದ ಒಂದು ಮಾತು ಅಂಕಣವೊಂದನ್ನು ಸೇರಿ, ಕಡೆಗೆ ದೇಶದ ಅಂಕಿಯಾಗಿ ಹೊರಬೀಳುತ್ತದೆ. ‘ಹೊಟ್ಟೆನೋವು ತಾಳಲಾರದೆ’ ಎಂಬ ಒಕ್ಕಣೆ ನಮ್ಮ ಪತ್ರಿಕೆಗಳ ಓದುಗರಿಗೆ ಚಿರಪರಿಚಿತವಷ್ಟೆ. ೧೮೯೭ರಷ್ಟು ಹಿಂದೆಯೇ ಫ್ರಾನ್ಸಿನ ದುರ್ಖೈಮ್, ಇಂಥ ಕಾರಣಪಟ್ಟಿಗಳು ಅಧಿಕಾರಿಗಳ ಅಭಿಪ್ರಾಯಗಳ ಪಟ್ಟಿಗಳೆಂದು ತಳ್ಳಿಹಾಕಿದ್ದನು. ಆದರೆ ಒಟ್ಟು ಸಂಖ್ಯೆಯನ್ನು ಮಾತ್ರ ಆತ ನಂಬಿದನು.

ಅದೂ ಸಂಶಯಾತೀತವಲ್ಲ. ೨೦೧೦ಕ್ಕೆ ಬ್ಯೂರೋ ಕೊಟ್ಟ ಸಂಖ್ಯೆ ೧,೩೪,೫೯೯. ಮನೆಮನೆಗಳಲ್ಲಿ ವಿಚಾರಿಸಿ ಪಡೆದ ೨೦೦೧–೦೩ರ ಮರಣವೃತ್ತಾಂತಗಳನ್ನು ಆಧರಿಸಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ೨೦೧೨ರಲ್ಲಿ ಪ್ರಕಟವಾದ ಅಧ್ಯಯನ ಅದೇ ವರ್ಷಕ್ಕೆ ಮಾಡಿದ ಅಂದಾಜು ಸುಮಾರು ೧,೮೭,೦೦೦. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ ೩೦೯ನೆಯ ಕಲಮು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿಲ್ಲ. ಆದರೂ ಕಾನೂನು ಬದಲಾದ ಮಾತ್ರಕ್ಕೆ ಜನರು ಪೊಲೀಸರೆದುರು ಬಾಯಿಬಿಡುವ ರೀತಿ ಬದಲಾದೀತೆಂದು ನಾವು ನಂಬಲಾರೆವು.

ಹಾಗೆಂದು ಆಕರವನ್ನೇ ತ್ಯಜಿಸಬೇಕೆ? ಕೂಡದು. ಮರಣ ‘ಏಕೆ’ ಸಂಭವಿಸಿತೆಂಬುದಕ್ಕೆ ದುರ್ಬಲ ಸಾಕ್ಷಿಯಾದ ಈ ದಾಖಲೆ, ‘ಹೇಗೆ’ ಸಂಭವಿಸಿತೆಂಬುದಕ್ಕೆ ಪ್ರಬಲ ಸಾಕ್ಷಿ. ಅದರ ಹಿಂದೆ ಮರಣೋತ್ತರ ಪರೀಕ್ಷೆಯುಂಟು, ರಸಾಯನ ಪರೀಕ್ಷೆಯುಂಟು. ತಡೆಗಟ್ಟುವಿಕೆಗೆ ‘ಹೇಗೆ’ ಎಂಬುದರಿಂದಾದ ಉಪಕಾರವನ್ನು ಶ್ರೀಲಂಕೆಯಲ್ಲಿ ಕಾಣಬಹುದು. ಅಲ್ಲಿ ೧೯೯೫ರಲ್ಲಿಯೂ ೧೯೯೮ರಲ್ಲಿಯೂ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಲಾಯಿತು. ೨೦೦೫ರ ವೇಳೆಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. ಇಳಿತಕ್ಕೆ ಬೇರೆ ಕಾರಣಗಳಿರಬಾರದೇಕೆ ಎಂದು ಇತಿಹಾಸಜ್ಞನು ಕೇಳಲೇಬೇಕು. ೨೦೦೭ರಲ್ಲಿ ಈ ಸಂಗತಿಯನ್ನು ಪರಿಶೀಲಿಸಿದ ವಿದ್ವಾಂಸರು ನಿರುದ್ಯೋಗ, ಮದ್ಯಪಾನ, ವಿವಾಹವಿಚ್ಛೇದನ, ಅಂತರ್ಯುದ್ಧ ಇವುಗಳನ್ನೆಲ್ಲ ತೂಗಿ ನೋಡಿದರು. ಯಾವುದೂ ಇಳಿತದೊಡನೆ ಹೊಂದಿಬರಲಿಲ್ಲ. ಮನಸ್ಸಿನ ಕ್ಲೇಶ ಮಾಯವಾಯಿತೆಂದು ಇದರ ಅರ್ಥವಲ್ಲ. ಕ್ಷಣಿಕವಾದ ಸಂಕಟದಲ್ಲಿದ್ದವನಿಗೆ ಮಾರಕವಾದುದು ಕೈಗೆ ಸಿಗಲಿಲ್ಲ, ಅನೇಕರು ಬದುಕಿಕೊಂಡರು.

ನಮ್ಮ ಬ್ಯೂರೋದ ಸಂಪುಟದ ಮೇಲೆ ನಮಗಿರುವ ಮುಖ್ಯ ಆಕ್ಷೇಪ ಇಲ್ಲಿಯೇ. ಸಡಿಲವಾದ ಕಾರಣಗಳಿಗೆ ಅದು ಪುಟಗಟ್ಟಲೆ ಕೋಷ್ಟಕಗಳನ್ನು ಮೀಸಲಿಟ್ಟಿದೆ. ‘ಕೀಟನಾಶಕ’ ಎಂಬುದಕ್ಕಾದರೋ ಒಂದೇ ಶೀರ್ಷಿಕೆ. ಯಾವ ರಾಸಾಯನಿಕವೆಂಬುದಿಲ್ಲ. ಪ್ರಯೋಗಾಲಯ ಅದನ್ನು ಗುರುತಿಸಿದ ಪ್ರಕರಣಗಳಲ್ಲಿಯೂ ಆ ಹೆಸರು ನ್ಯಾಯಾಲಯದ ಕಡತದಲ್ಲಿ ಉಳಿಯುತ್ತದೆ, ಸಂಪುಟಕ್ಕೆ ಬರುವುದಿಲ್ಲ.