ಕಟ್ಟಿಗೆ ಫೋಟೋದ ಮ್ಯಾಲ ನೀರು

ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಈಗ ವಾಸ್ತುಶಾಂತಿಗೆ ಹೋದರೆ ಊಟಕ್ಕಿಂತ ಮೊದಲು ಅಡಗಿಮನಿ ತೋರಿಸ್ತಾರೆ. "ಟ್ರಾಲಿ ಮಾಡಿಸೇವಿ ನೋಡ್ರಿ" ಅಂತ ಒಂದೊಂದೇ ಡ್ರಾಯರ್ ಎಳೆದು ಬಿಡ್ತಾರೆ. ಅದು ಸಪ್ಪಳಿಲ್ಲದೆ ಮುಚ್ಚಿಕೊಳ್ಳೋದನ್ನ ಎಲ್ಲರೂ ನಿಂತು ನೋಡಬೇಕು. ಕೊಲ್ಲಾಪುರ, ಸಾಂಗ್ಲಿ ಹತ್ತಿರ ಇರೋದರಿಂದ ನಮ್ಮಲ್ಲಿ ಮಾಡ್ಯುಲರ್ ಕಿಚನ್ ಅಂದರೆ ಟ್ರಾಲಿ. 2018ರಲ್ಲಿ ನಾನೂ ನದಿ ದಂಡಿಯ ನಮ್ಮ ಊರಮನೆಗೆ ಮಾಡಿಸಿದೆ. ಸಾಲದ್ದಕ್ಕೆ ಶಹಾಬಾದ್ ಫರಸಿ ಮೇಲೆ ಲ್ಯಾಮಿನೇಟ್ ಫ್ಲೋರಿಂಗ್ ಬೇರೆ. ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ ಅದನ್ನ ನೋಡಿ ಮನಸೋತಿದ್ದೆ. ಪುಸ್ತಕ, ಸಿನಿಮಾಕ್ಕೆ ವಿಮರ್ಶೆ ಇದ್ದ ಹಾಗೆ ಅಡಗಿಮನಿಗೂ ಒಂದು ಇರಲಿ.

ಲ್ಯಾಮಿನೇಟ್ ಅಂದರೆ ಎಂಟೋ ಹನ್ನೆರಡೋ ಮಿಲಿಮೀಟರ್ ದಪ್ಪದ ಹಲಗೆ. ನಡುವೆ ಕಟ್ಟಿಗೆಯ ನಾರಿಗೆ ಅಂಟು ಸೇರಿಸಿ ಒತ್ತಿದ ಎಚ್‌ಡಿಎಫ್. ಅದರ ಮೇಲೆ ಮರದ ಫೋಟೋ ಅಚ್ಚಾದ ಕಾಗದ. ಅದರ ಮೇಲೆ ಗೀಚು ಬೀಳದಂತೆ ಮೆಲಮೈನ್, ಅಲ್ಯೂಮಿನಿಯಂ ಆಕ್ಸೈಡಿನ ಪದರು. ಮೊಳೆ ಇಲ್ಲ, ಸಿಮೆಂಟ್ ಇಲ್ಲ. ಕೆಳಗೆ ತೆಳು ಫೋಮ್ ಹಾಸಿ ಒಂದರ ಅಂಚಿಗೆ ಇನ್ನೊಂದನ್ನ ಸಿಕ್ಕಿಸುತ್ತ ಹೋಗೋದು. ತೇವಕ್ಕೆ ಹಿಗ್ಗುತ್ತದೆ ಅಂತ ಗೋಡೆ ಬದಿಗೆ ಸಂದು ಬಿಡಬೇಕು. ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ 1977ರಲ್ಲಿ ಕಂಡುಹಿಡಿದದ್ದು. ಹಿಂಡಿದ ಬಟ್ಟೆಯಲ್ಲಿ ಒರೆಸೋ ಮನೆಗಳಿಗೆ ಒಳ್ಳೇ ವಸ್ತು, ಚಳಿಯಲ್ಲಿ ಕಾಲಿಗೆ ತಣ್ಣಗಾಗಲ್ಲ. ಅದನ್ನ ಬೈಯೋಕೆ ನನಗೆ ಕಾರಣವಿಲ್ಲ.

ಆದರೆ ನಮ್ಮ ಅಡಗಿಮನಿ ಒರೆಸೋದಲ್ಲ, ತೊಳೆಯೋದು. ಮಹಾನವಮಿ ಮುಂದೆ ಕೊಡಗಟ್ಟಲೆ ನೀರು ಹೊಡೆದು, ಕಸಬರಿಗೆಯಿಂದ ತಿಕ್ಕಿ ಬಚ್ಚಲಿಗೆ ನೂಕೋದು. ಅವ್ವ ಮೊದಲ ವಾರವೇ ಕೇಳಿದಳು: "ಇದಕ ನೀರ ಹೊಡದ್ರ ನಡೀತೈತೇನೋ ತಮ್ಮಾ?"

"ಹಿಂಡಿದ ಅರಿವಿಲೆ ಒರಸಬೇಕವಾ."

"ಹಂಗಾದ್ರ ಸ್ವಚ್ಛ ಆದಂಗ ಹೆಂಗ?"

ನಾನು ನಕ್ಕುಬಿಟ್ಟೆ. ಬಳಸೋರನ್ನ ಕೇಳದೆ ಕೋಡ್ ಬರೆದರೆ ಆಫೀಸಿನಲ್ಲಿ ಬೈಸಿಕೊಳ್ತೀನಿ. ಮನೆಯಲ್ಲಿ, ಮೂವತ್ತೈದು ವರ್ಷ ಆ ಕೋಣೆಯಲ್ಲಿ ದುಡಿದವಳನ್ನ ಯಾವ ಬಣ್ಣ ಬೇಕು ಅಂತ ಮಾತ್ರ ಕೇಳಿದ್ದೆ.

ಕಟ್ಟೆಯ ಎತ್ತರದ ಕತೆ ಬೇರೆ. ಅಳೆದು ಜೋಡಿಸಿದ ಈ ಕಪಾಟು, ಡ್ರಾಯರುಗಳ ಹಿಂದೆ 1926ರ ಫ್ರಾಂಕ್‌ಫರ್ಟ್ ಅಡುಗೆಮನೆ ಇದೆ. ವಿಯೆನ್ನಾದ ಆರ್ಕಿಟೆಕ್ಟ್ ಮಾರ್ಗರೆಟ್ ಶ್ಯುಟೆ-ಲಿಹೋಟ್ಸ್‌ಕಿ, ಹೆಂಗಸರ ಹೆಜ್ಜೆ, ಸಮಯ ಲೆಕ್ಕ ಹಾಕಿ ಸುಮಾರು ಆರಡಿ ಅಗಲ ಹನ್ನೊಂದಡಿ ಉದ್ದದ ಕೋಣೆಗೆ ವಿನ್ಯಾಸ ಮಾಡಿದಳು. ಅಂಥವು ಸುಮಾರು 10,000 ಕಟ್ಟಿದರು. ಒಬ್ಬಳೇ ಹೆಂಗಸು ಬೇಗ ಕೆಲಸ ಮುಗಿಸೋ ಕೋಣೆ ಅದು. ಆದರೂ ಆಕೆ ಕೂತು ಕೆಲಸ ಮಾಡೋಕೆ ತಿರುಗೋ ಸ್ಟೂಲು ಒಂದನ್ನ ಇಟ್ಟಿದ್ದಳು. ನಮ್ಮ ಟ್ರಾಲಿ ಡ್ರಾಯರನ್ನ ಇಳಿಸಿಕೊಂಡಿತು, ಸ್ಟೂಲನ್ನ ಬಿಟ್ಟಿತು.

ಅವ್ವ ಐದಡಿಗೂ ಕಡಿಮೆ. 34 ಇಂಚಿನ ಕಟ್ಟೆ ಮೇಲೆ ಜೋಳದ ರೊಟ್ಟಿ ಬಡಿಯೋಕೆ ಹೆಗಲನ್ನ ಕಿವಿಗೆ ಏರಿಸಬೇಕು. ತಿಂಗಳೊಳಗೆ ರೊಟ್ಟಿ ಹಿತ್ತಲಿಗೆ ಹೋಯಿತು. ಅವ್ವ, ಚಿಕ್ಕವ್ವ ಎದುರುಬದುರು ಕೂತು ಒಬ್ಬರು ಬಡಿಯೋದು, ಒಬ್ಬರು ಬೇಯಿಸೋದು. ಲಕ್ಷಗಟ್ಟಲೆ ಖರ್ಚಿನ ಅಡಗಿಮನಿಯಲ್ಲಿ ಚಹಾ ಆಗುತ್ತಿತ್ತು. ಹಾಗಂತ ಹಳೇದೇ ಚಲೋ ಅನ್ನಲಾರೆ. ನೆಲಕ್ಕೆ ಕೂತು ಕೂತೇ ಅವಳ ಮೊಣಕಾಲು ಹೋಗಿದ್ದು, ಹೊಗೆಗೆ ಕಣ್ಣು ಉರಿದದ್ದು. ಸ್ಟೀಲಿನ ಡ್ರಾಯರಂತೂ ಅವಳಿಗೆ ಬಾಳ ಸೇರಿತ್ತು. ಡಬ್ಬಿಗಾಗಿ ಬಗ್ಗೋದು ತಪ್ಪಿತ್ತು.

2019ರ ಆಗಸ್ಟಿನಲ್ಲಿ ಕೃಷ್ಣೆ ಒಳಗೆ ಬಂದಳು. ಎಂಟು ದಿನ ಗಂಜಿ ಕೇಂದ್ರದಲ್ಲಿದ್ದು ಬಂದು ನೋಡಿದರೆ ಲ್ಯಾಮಿನೇಟ್ ನೆಲ ಗುಡಾರದಂತೆ ಎದ್ದಿತ್ತು. ಕಪಾಟಿನ ಕೆಳಗಿನ ಪಾರ್ಟಿಕಲ್ ಬೋರ್ಡ್ ಉಬ್ಬಿ, ಮುಟ್ಟಿದರೆ ಒಡೆದ ರವೆ ಉಂಡಿಯಂತೆ ಉದುರುತ್ತಿತ್ತು. ಇಂಥ ಬೋರ್ಡನ್ನ ಕಬ್ಬಿನ ಸಿಪ್ಪೆಯಿಂದಲೂ ಮಾಡ್ತಾರೆ; ಸುತ್ತ ಇಷ್ಟೊಂದು ಸಕ್ಕರೆ ಕಾರ್ಖಾನೆ ಇರೋ ನಮಗೆ ಅದು ನೆಂಟನೇ. ಮಹಾಪೂರ ನ್ಯಾಯದ ಪರೀಕ್ಷೆ ಅಲ್ಲ, ಒಪ್ಪಿದೆ. ಆದರೆ ಸಿಂಕಿನ ಬುಡದ ಹಲಗೆಗಳು ಅದಕ್ಕೂ ಮೊದಲೇ, ದಿನದ ನೀರಿಗೇ ಅಂಚು ಎತ್ತಿದ್ದವು. ಅಂಗಡಿಯವ ಬಾಯಲ್ಲಿ ವಾಟರ್‌ಪ್ರೂಫ್ ಅಂದಿದ್ದ, ಬಿಲ್ಲಿನಲ್ಲಿ ಆ ಪದ ಇರಲಿಲ್ಲ. ಕಪಾಟು ಮಾಡಿಸೋರು ಪ್ಲೈವುಡ್ ಮೇಲೆ ಐಎಸ್ 710 ಅಂತ ಅಚ್ಚಿದೆಯಾ ನೋಡಿ. ಅದು ಮರೈನ್ ಪ್ಲೈ, ಕುದಿಯೋ ನೀರು ತಡೆಯೋ ಅಂಟಿನದು. ನಾನು ನೋಡಿರಲಿಲ್ಲ.

ಹಲಗೆ ಕಿತ್ತಾಗ ಕೆಳಗೆ ಫರಸಿ ಇದ್ದಂಗೇ ಇತ್ತು. ಎರಡನೇ ಸಲ ಅವ್ವನೇ ನಿಂತು ಮಾಡಿಸಿದಳು. ಕಪಾಟಿನ ಬದಲು ಕಡಪಾ ಕಲ್ಲಿನ ಖಾನೆ, ಅದರೊಳಗೆ ತೊಳೆದಿಟ್ಟ ಅದೇ ಸ್ಟೀಲ್ ಟ್ರಾಲಿ. ರೊಟ್ಟಿಗೆ ಒಂದು ತಗ್ಗು ಕಟ್ಟೆ. ಅದರ ಎತ್ತರಕ್ಕೆ ಪುಸ್ತಕದ ಲೆಕ್ಕ ಇಲ್ಲ: ಅವ್ವ ಸ್ಟೂಲಿನ ಮೇಲೆ ಕೂತು ಗಾಳಿಯಲ್ಲೇ ರೊಟ್ಟಿ ಬಡಿದಳು, ಗೌಂಡಿ ಅವಳ ಅಂಗೈ ಕೆಳಗೆ ಗೋಡೆಗೆ ಗೆರೆ ಎಳೆದ. ಟೇಪ್ ಹಿಡಿದವ ನಾನು. 26 ಇಂಚು ಬಂತು.

2021ರ ಜುಲೈನಲ್ಲಿ ಮತ್ತೆ ನೀರು ಬಂತು. ಟ್ರಾಲಿಗಳನ್ನ ಕಳಚಿ ಅಟ್ಟಕ್ಕಿಟ್ಟು ಹೋಗಿದ್ದರು. ನೀರಿಳಿದ ಮೇಲೆ ಅವ್ವನ ಫೋನು: "ರಾಡಿ ಎಲ್ಲಾ ಹೋತು. ಕಸಬರಿಗಿ ಎರಡೂ ಸವದಾವು, ಬರೂಮುಂದ ಹಿಡಕೊಂಡ ಬಾ."